‘ಸಂಸ್ಕಾರ’ ಚಿತ್ರವನ್ನು ಸರಿಯಾಗಿ ನೋಡುವ ದಿನಕ್ಕಾಗಿ: ಗ್ರಂಥಾಲಯದ ಚಿತ್ರಕೊಠಡಿಗೆ ದೇಣಿಗೆ ಮನವಿ

ಸಹೃದಯ ಬಂಧುಗಳೇ,

ರಾಯಚೂರು ಜಿಲ್ಲೆಯ ಲಿಂಗಸೂಗೂರು ತಾಲ್ಲೂಕಿನಲ್ಲಿರುವ ನಮ್ಮ ಗ್ರಂಥಾಲಯದ ಟ್ರಸ್ಟು ಪುಸ್ತಕ ಕೊಳ್ಳಲು, ಕಪಾಟು ಮಾಡಿಸಲು ಈ ಹಿಂದೆಯೂ ನಿಮ್ಮ ಬಾಗಿಲಿಗೆ ಬಂದಿದೆ. ನೀವು ಬರಿಗೈಯಲ್ಲಿ ಕಳುಹಿಸಿದ್ದಿಲ್ಲ. ಈ ಸಲದ ಬೇಡಿಕೆ ಬೇರೆ ಬಗೆಯದು. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯನ್ನು ಆಧರಿಸಿದ ಚಲನಚಿತ್ರ ಒಳ್ಳೆಯ ಗುಣಮಟ್ಟದ ಡಿಸ್ಕಿನಲ್ಲಿ ನಮ್ಮ ಕೈಗೆ ಸಿಗಲೆಂದು ನಾವು ಬಹುಕಾಲದಿಂದ ಕಾಯುತ್ತಿದ್ದೇವೆ. ಅದು ಸಿಕ್ಕ ದಿನ ಅದನ್ನು ಸರಿಯಾಗಿ ತೋರಿಸಬಲ್ಲ ಒಂದು ಕೊಠಡಿ ಸಿದ್ಧವಿರಬೇಕೆಂಬುದು ನಮ್ಮ ಆಸೆ.

1965ರಲ್ಲಿ ಪ್ರಕಟವಾದ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ಚಿತ್ರವಾಗಿಸಿದರು. ಚಿತ್ರಕಥೆ ಬರೆದು ಪ್ರಾಣೇಶಾಚಾರ್ಯರ ಪಾತ್ರವನ್ನೂ ವಹಿಸಿದವರು ಗಿರೀಶ ಕಾರ್ನಾಡರು; ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ, ನಾರಣಪ್ಪನಾಗಿ ಪಿ. ಲಂಕೇಶ್ ಅಭಿನಯಿಸಿದರು. ಸೆನ್ಸಾರ್ ಮಂಡಳಿಯ ತಡೆಯನ್ನು ದಾಟಿ ಬಂದ ಈ ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಚಲನಚಿತ್ರವೆಂಬ ರಾಷ್ಟ್ರಪ್ರಶಸ್ತಿ ಸಂದಿತು. ಇವು ಕನ್ನಡದ ಓದುಗರಿಗೆ ತಿಳಿದ ಸಂಗತಿಗಳೇ. ನಮ್ಮೂರಿನ ಓದುಗರಿಗೆ ಈ ಚಿತ್ರ ಬೇಕಾಗಿರುವುದು ಇನ್ನೊಂದು ಕಾರಣಕ್ಕೆ. ಜೋಳ, ತೊಗರಿ, ಹತ್ತಿಯ ಎರೆಹೊಲಗಳ ನಡುವೆ ಬೆಳೆದ ನಮ್ಮ ಮಕ್ಕಳ ಕಣ್ಣಿಗೆ ಮಲೆನಾಡಿನ ಒಂದು ಅಗ್ರಹಾರ ಸುಲಭವಾಗಿ ಕಟ್ಟುವುದಿಲ್ಲ. ಕಥೆಯಲ್ಲಿ ಆಚಾರ ಬಿಟ್ಟು ಚಂದ್ರಿಯೊಡನೆ ಬಾಳಿದ ನಾರಣಪ್ಪ ಸಾಯುತ್ತಾನೆ; ಅವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರೆಂಬುದನ್ನು ಪಂಡಿತರಾದ ಪ್ರಾಣೇಶಾಚಾರ್ಯರೂ ತೀರ್ಮಾನಿಸಲಾರದೆ ಅದು ಮನೆಯಲ್ಲೇ ಉಳಿಯುತ್ತದೆ. ಕಾದಂಬರಿ ಓದುವ ಕೂಟದಲ್ಲಿ ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳು, ‘ಅಷ್ಟು ದಿನ ಯಾಕ ಇಟ್ಕೊಂಡು ಕುಂತ್ರು ಸರ್, ಹೊಲದಾಗ ಮಣ್ಣು ಕೊಟ್ಟಿದ್ರ ಮುಗೀತಿತ್ತಲ್ಲ?’ ಎಂದು ಕೇಳಿದಳು. ಸತ್ತವರನ್ನು ಸ್ವಂತ ಹೊಲದಲ್ಲಿಯೇ ಮಣ್ಣು ಮಾಡುವ ಮನೆಯಿಂದ ಬಂದವಳಿಗೆ ಅದು ಸಹಜವಾದ ಪ್ರಶ್ನೆ. ಹೆಣವೊಂದು ಒಳಗೆ ಬಿದ್ದಿರುವಾಗ ಅಕ್ಕಪಕ್ಕದ ಮನೆಗಳಲ್ಲಿ ಒಲೆ ಹೊತ್ತಿಸಲಾರದೆ ಹಸಿದು ಕುಳಿತವರ ಸಂಕಟ ಅವಳಿಗೆ ಮುಟ್ಟಬೇಕಾದರೆ ಆ ಕೇರಿಯನ್ನು ಅವಳು ಕಾಣಬೇಕು. ಶೃಂಗೇರಿಯ ಸಮೀಪದ ವೈಕುಂಠಪುರದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಟಾಮ್ ಕೋವನ್ ಅವರು ಕಪ್ಪು ಬಿಳುಪಿನಲ್ಲಿ ಹಿಡಿದಿಟ್ಟಿರುವುದು ಅದನ್ನೇ.

ಆ ಪ್ರಶ್ನೆ ಕೇಳಿದ ಮೇಲೆ ಗ್ರಂಥಾಲಯದಲ್ಲಿದ್ದ ಹಳೆಯ ವಿಸಿಡಿಯಿಂದಲೇ ಚಿತ್ರವನ್ನು ತೋರಿಸಿದೆವು. ಆ ಸಂಜೆಯನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ವಿಸಿಡಿಯಲ್ಲಿ ಒಂದು ಚಿತ್ರಿಕೆಗೆ ಅಡ್ಡಲಾಗಿ 352, ಉದ್ದಕ್ಕೆ 288 ಬಿಂದುಗಳು ಮಾತ್ರ ಇರುತ್ತವೆ. ಬ್ಲೂ-ರೇ ಡಿಸ್ಕಿನಲ್ಲಿ ಅವು 1920 ಮತ್ತು 1080, ಅಂದರೆ ಒಟ್ಟಿನಲ್ಲಿ ಇಪ್ಪತ್ತು ಪಟ್ಟು. ಬಣ್ಣವಿಲ್ಲದ ಚಿತ್ರದಲ್ಲಿ ಹೇಳಬೇಕಾದುದನ್ನೆಲ್ಲ ಬೆಳಕು ಮತ್ತು ನೆರಳೇ ಹೇಳಬೇಕು. ಮಾಹಿತಿಯನ್ನು ಅತಿಯಾಗಿ ಒತ್ತಿ ತುಂಬಿದ ಪ್ರತಿಯಲ್ಲಿ ಮೊದಲು ಕೆಡುವುದು ಆ ನೆರಳೇ. ಮಾರುತಿಯ ಗುಡಿಯಿಂದ ಹೊರಟ ಆಚಾರ್ಯರಿಗೆ ಕತ್ತಲಲ್ಲಿ ಚಂದ್ರಿ ಎದುರಾಗುವ ಭಾಗ ನಮ್ಮ ಗೋಡೆಯ ಮೇಲೆ ಬೂದು ಚೌಕಗಳ ಗುಂಪಾಗಿ ಕಂಡಿತು. ಕಥೆಯ ತಿರುವೇ ಅಲ್ಲಿದೆ, ಮುಖಗಳು ಮಾತ್ರ ಇಲ್ಲ. ಧ್ವನಿಯ ಪಾಡೂ ಅಷ್ಟೇ: ಸೆಕೆಂಡಿಗೆ 24 ಚಿತ್ರಿಕೆಗಳಂತೆ ತೆಗೆದದ್ದನ್ನು 25ರ ವೇಗದಲ್ಲಿ ಓಡಿಸಿದ ಪ್ರತಿಗಳಲ್ಲಿ ಮಾತು, ಸಂಗೀತ ಎರಡೂ ಶೇಕಡಾ 4ರಷ್ಟು ಚುರುಕಾಗಿ, ಶ್ರುತಿ ಏರಿಬಿಡುತ್ತದೆ.

ಸಂಗೀತದ ವಿಷಯದಲ್ಲಿ ರಾಯಚೂರಿನವರಾದ ನಮಗೆ ವಿಶೇಷ ಕಾಳಜಿ ಇರಲೇಬೇಕು. ಈ ಚಿತ್ರಕ್ಕೆ ಸಂಗೀತ ನೀಡಿದವರು ಸರೋದ್ ವಾದಕ ರಾಜೀವ ತಾರಾನಾಥರು. ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದ ಪಂಡಿತ ತಾರಾನಾಥರ ಮಗ. 2024ರ ಜೂನ್‌ನಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ, ಅವರ ಕೆಲಸವನ್ನು ಅದರ ಸರಿಯಾದ ಶ್ರುತಿಯಲ್ಲಿ ಕೇಳಿಸುವ ಏರ್ಪಾಡು ಕೂಡ ಈ ನೆಲದಲ್ಲಿ ನಮ್ಮಿಂದ ಆಗಲಿಲ್ಲವಲ್ಲ ಎಂದು ಟ್ರಸ್ಟಿನ ಹಿರಿಯರು ನೊಂದುಕೊಂಡರು. ಈ ಯೋಜನೆ ಹುಟ್ಟಿದ್ದು ಆ ಸಭೆಯಲ್ಲಿ.

ಕಾಯುವುದು ವ್ಯರ್ಥವಲ್ಲ ಎನ್ನಲು ಆಧಾರವಿದೆ. ಅನಂತಮೂರ್ತಿಯವರದೇ ಕಥೆಯಿಂದ ಗಿರೀಶ ಕಾಸರವಳ್ಳಿಯವರು 1977ರಲ್ಲಿ ಮಾಡಿದ ‘ಘಟಶ್ರಾದ್ಧ’ ಚಿತ್ರವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮುಂತಾದ ಸಂಸ್ಥೆಗಳು ಪುನರುಜ್ಜೀವನಗೊಳಿಸಿ, ಹೊಸ ಪ್ರತಿಯನ್ನು 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದವು. ‘ಸಂಸ್ಕಾರ’ಕ್ಕೂ ಅಂಥ ಆರೈಕೆ ಸಿಗಬೇಕೆಂದು ಬಯಸುವ ಓದುಗರು ದೊಡ್ಡ ಊರುಗಳಲ್ಲಿ ಮಾತ್ರವಲ್ಲ, ಇಲ್ಲಿಯೂ ಇದ್ದಾರೆ. ಚಿತ್ರದ ಹಕ್ಕುದಾರರಿಗೆ ಬರೆಯುವ ಪತ್ರಕ್ಕೆ ನಮ್ಮ ಓದುಗರೆಲ್ಲರ ಸಹಿಯನ್ನೂ ಸಂಗ್ರಹಿಸುತ್ತಿದ್ದೇವೆ.

ಗ್ರಂಥಾಲಯದ ಹಿಂದಿನ ಕೋಣೆ ಖಾಲಿಯಿದೆ, ಅದರ ಗೋಡೆಗಳು ಗಟ್ಟಿಯಾಗಿವೆ. ಬೆಳಕು ತಡೆಯುವ ದಪ್ಪ ಪರದೆಗಳು, ಕಪ್ಪನ್ನು ಕಪ್ಪಾಗಿಯೇ ತೋರಿಸಬಲ್ಲ ಪ್ರೊಜೆಕ್ಟರ್, ಬ್ಲೂ-ರೇ ಪ್ಲೇಯರ್, ಎರಡು ಒಳ್ಳೆಯ ಸ್ಪೀಕರ್‌ಗಳು, ಕರೆಂಟ್ ಹೋದರೂ ಚಿತ್ರ ನಿಲ್ಲದಂತೆ ಯುಪಿಎಸ್, ಇವಿಷ್ಟು ಬೇಕು. ನಮ್ಮ ಬೇಸಿಗೆಯ 40 ಡಿಗ್ರಿ ದಾಟುವ ಬಿಸಿಲು ಮತ್ತು ಹತ್ತಿ ಬಿಡಿಸುವ ಕಾಲದ ಧೂಳಿನಿಂದ ಯಂತ್ರವನ್ನು, ಡಿಸ್ಕುಗಳನ್ನು ಕಾಪಾಡಲು ಮುಚ್ಚಿದ ಕಪಾಟೂ ಅಗತ್ಯ. ಒಟ್ಟು ಅಂದಾಜು 2,80,000 ರೂಪಾಯಿ. ಸದಸ್ಯರಿಂದ 65,000 ರೂಪಾಯಿ ಕೂಡಿದೆ; ಉಳಿದ 2,15,000 ರೂಪಾಯಿಗೆ ನಿಮ್ಮ ನೆರವನ್ನು ಕೋರುತ್ತೇವೆ.

ಎರಡು ವಿಷಯಗಳನ್ನು ಮೊದಲೇ ಸ್ಪಷ್ಟಪಡಿಸುವುದು ನಮ್ಮ ಕರ್ತವ್ಯ. ಮನೆಯಲ್ಲಿ ನೋಡಲೆಂದು ಮಾರುವ ಡಿಸ್ಕನ್ನು ಕೊಂಡ ಮಾತ್ರಕ್ಕೆ ಸಾರ್ವಜನಿಕವಾಗಿ ತೋರಿಸುವ ಹಕ್ಕು ಬರುವುದಿಲ್ಲ. ಆದ್ದರಿಂದ ಹಕ್ಕುದಾರರ ಲಿಖಿತ ಅನುಮತಿ ಪಡೆದೇ ಪ್ರದರ್ಶನ ನಡೆಸುತ್ತೇವೆ, ಅದರ ಶುಲ್ಕವೂ ಮೇಲಿನ ಅಂದಾಜಿನಲ್ಲಿ ಸೇರಿದೆ. ಕದ್ದ ಪ್ರತಿಯನ್ನು, ಅದು ಎಷ್ಟೇ ಸ್ವಚ್ಛವಾಗಿರಲಿ, ಈ ಕೊಠಡಿಯೊಳಗೆ ತರುವುದಿಲ್ಲ. ಇನ್ನು, ಡಿಸ್ಕ್ ಎಂದು ಬರುತ್ತದೆಂಬುದು ನಮ್ಮ ಕೈಯಲ್ಲಿಲ್ಲ. ಅದಕ್ಕಾಗಿ ತೆಗೆದಿಟ್ಟ ಹಣ ಪ್ರತ್ಯೇಕ ಖಾತೆಯಲ್ಲಿರುತ್ತದೆ. ಎರಡು ವರ್ಷ ಕಳೆದರೂ ಅದು ಬಾರದಿದ್ದರೆ ದಾನಿಗಳ ಸಭೆ ಕರೆದು, ಕನ್ನಡ ಕಾದಂಬರಿಗಳನ್ನು ಆಧರಿಸಿದ ಬೇರೆ ಚಿತ್ರಗಳ ಅಧಿಕೃತ ಪ್ರತಿಗಳನ್ನು ಕೊಳ್ಳಬೇಕೇ, ಇನ್ನೂ ಕಾಯಬೇಕೇ ಎಂಬುದನ್ನು ನಿಮ್ಮಿಂದಲೇ ಕೇಳಿ ನಡೆಯುತ್ತೇವೆ.

ನೂರು ರೂಪಾಯಿಯಾದರೂ ಸರಿ, ಕೃತಜ್ಞತೆಯಿಂದ ಸ್ವೀಕರಿಸಿ ರಸೀದಿ ನೀಡುತ್ತೇವೆ. ಗ್ರಂಥಾಲಯದ ಕಚೇರಿಯಲ್ಲಿ ನಗದಾಗಿ ಅಥವಾ ಟ್ರಸ್ಟಿನ ಹೆಸರಿಗೆ ಚೆಕ್ ಮೂಲಕ ಸಲ್ಲಿಸಬಹುದು. ಹಣ ಕೊಡಲಾಗದವರು ಪರದೆ ಹೊಲಿಯಲು, ವೈರಿಂಗ್ ಮಾಡಲು ಒಂದು ದಿನದ ದುಡಿಮೆ ಕೊಟ್ಟರೂ ಅದನ್ನು ದೇಣಿಗೆಯ ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ. ಸಹಿ ಸಂಗ್ರಹದ ಹಾಳೆ ವಾಚನಾಲಯದ ಮೇಜಿನ ಮೇಲಿದೆ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ, ಗ್ರಂಥಾಲಯ ಟ್ರಸ್ಟಿನ ಪರವಾಗಿ