ಸ್ಟಾಕ್ ಕಮ್ಮಿ ಬಂತು ಅಂತ ಹುಡುಗರ ಸಂಬಳ ಹಿಡಿಯುವ ಮುನ್ನ

ಸಂಪಾದಕರಿಗೆ ನಮಸ್ಕಾರ.

ನಮ್ಮ ಬಳ್ಳಾರಿಯಲ್ಲಿ ಈಗ ಸಣ್ಣ ಖಾನಾವಳಿಯಲ್ಲೂ ಕಂಪ್ಯೂಟರ್ ಬಿಲ್ ಬಂದಿದೆ. ಒಳ್ಳೆಯದೇ. ನಾನು ಇಲ್ಲಿನ ಕೆಲವು ಹೋಟೆಲ್‌ಗಳ ಲೆಕ್ಕ ಬರೆಯುವವನು. ತಿಂಗಳ ಕೊನೆಗೆ ಸ್ಟಾಕ್ ಎಣಿಸುವಾಗ ಒಂದು ಅನ್ಯಾಯ ಪದೇ ಪದೇ ಕಣ್ಣಿಗೆ ಬೀಳುತ್ತಿದೆ, ಅದಕ್ಕೇ ಈ ಪತ್ರ. ಕಂಪ್ಯೂಟರ್ ತೋರಿಸುವಷ್ಟು ಸಾಮಾನು ಗೋಡೌನಿನಲ್ಲಿ ಇಲ್ಲ ಅಂದ ಕೂಡಲೇ ಸ್ಟೋರ್ ನೋಡಿಕೊಳ್ಳುವ ಹುಡುಗನ ಮೇಲೆ ಕಳ್ಳತನದ ಮಾತು ಬರುತ್ತದೆ. ಸಂಬಳದಲ್ಲಿ ಹಿಡಿಯುತ್ತಾರೆ, ಇಲ್ಲವೇ ಕೆಲಸ ಬಿಡಿಸುತ್ತಾರೆ. ಎಷ್ಟೋ ಸಲ ಸಾಮಾನು ಎಲ್ಲಿಗೂ ಹೋಗಿರುವುದಿಲ್ಲ. ಯಾವ ಐಟಂ ಯಾವ ಜಾಗದಲ್ಲಿದೆ ಅಂತ ಸಾಫ್ಟ್‌ವೇರಿಗೆ ಸರಿಯಾಗಿ ಹೇಳಿರುವುದಿಲ್ಲ, ಅಷ್ಟೆ.

ಒಗ್ಗರಣಿ-ಮಿರ್ಚಿ ಇಲ್ಲದೆ ನಮ್ಮೂರಿಗೆ ಬೆಳಗಾಗುವುದಿಲ್ಲ, ಹಾಗಾಗಿ ಎಣ್ಣೆಯ ಲೆಕ್ಕವನ್ನೇ ಹೇಳುತ್ತೇನೆ. 15 ಕೆಜಿಯ 6 ಡಬ್ಬಿ ತಂದರು ಅಂದುಕೊಳ್ಳಿ, ಒಟ್ಟು 90 ಕೆಜಿ. ಖರೀದಿ ಎಂಟ್ರಿ ಗೋಡೌನ್ ಹೆಸರಿಗೆ ಬಿತ್ತು. ಗೋಡೌನಿನಿಂದ ಒಂದೊಂದೇ ಡಬ್ಬಿ ಅಡುಗೆಮನೆಗೆ ಬಂತು, ಆದರೆ ಬಂದದ್ದನ್ನು ಯಾರೂ ಕಂಪ್ಯೂಟರಿನಲ್ಲಿ ಬರೆಯಲಿಲ್ಲ. ಇತ್ತ ಒಂದೊಂದು ಪ್ಲೇಟ್ ಮಿರ್ಚಿ ಬಿಲ್ ಆದಾಗಲೂ ಸಾಫ್ಟ್‌ವೇರ್ ತನ್ನ ರೆಸಿಪಿ ಪ್ರಕಾರ ಇಷ್ಟು ಗ್ರಾಂ ಅಂತ ಅಡುಗೆಮನೆಯ ಲೆಕ್ಕದಿಂದ ಕಳೆಯುತ್ತಲೇ ಹೋಯಿತು. ತಿಂಗಳ ಕೊನೆಗೆ ನೋಡಿದರೆ ಗೋಡೌನ್ 90 ಅಂತ ತೋರಿಸುತ್ತದೆ, ಇರುವುದು ಒಂದೇ ಡಬ್ಬಿ, ಅಂದರೆ 15 ಕೆಜಿ. 75 ಕೆಜಿ ಎಲ್ಲಿ ಅಂತ ಮಾಲೀಕರು ಕೂಗಾಡುತ್ತಾರೆ. ಅಡುಗೆಮನೆಯ ರಿಪೋರ್ಟ್ ತೆಗೆದರೆ ಅಲ್ಲಿ ಮೈನಸ್ 70 ಇರುತ್ತದೆ, ಒಲೆ ಪಕ್ಕದ ಡಬ್ಬಿಯಲ್ಲಿ ನಿಜವಾಗಿ 5 ಕೆಜಿ ಉಳಿದಿರುತ್ತದೆ. 90ರಲ್ಲಿ 70 ಕಳೆದರೆ 20. ಕೈಯಲ್ಲಿರುವುದೂ 15 ಮತ್ತು 5, ಅದೇ 20. ಹಾಗಾದರೆ ಕಳುವಾದದ್ದು ಏನು? ಏನೂ ಇಲ್ಲ. ಆದರೆ ಆ ಮೈನಸ್ ಕಡೆ ಯಾರೂ ನೋಡುವುದಿಲ್ಲ, ಹುಡುಗನ ಮುಖ ನೋಡುತ್ತಾರೆ.

ಇದರ ಬೇರು ಇರುವುದು ಸಾಫ್ಟ್‌ವೇರ್ ಹಾಕಿಕೊಡುವ ದಿನವೇ. ಬಂದವರು ಎಲ್ಲ ಐಟಂಗಳ ಖರೀದಿಯೂ ಒಂದೇ ಜಾಗದ ಹೆಸರಿಗೆ ಬೀಳುವಂತೆ ಮಾಡಿ, ಬಿಲ್ ಹೊಡೆಯುವುದು ಹೇಗೆ ಅಂತ ತೋರಿಸಿ, ಸಂಜೆ ಬಸ್ಸಿಗೆ ಹೊರಟುಬಿಡುತ್ತಾರೆ. ಸ್ಕ್ರೀನ್ ಮೇಲೆ ಇರುವುದೆಲ್ಲ ಇಂಗ್ಲಿಷ್. ಕೆಲಸದವರಲ್ಲಿ ಒಬ್ಬರದು ಕನ್ನಡ, ಒಬ್ಬರದು ತೆಲುಗು, ಇನ್ನೊಬ್ಬರು ಒಡಿಶಾದಿಂದ ಬಂದವರು. ಟ್ರಾನ್ಸ್‌ಫರ್ ಅನ್ನುವ ಒಂದು ಬಟನ್ ಇದೆ, ಡಬ್ಬಿ ಗೋಡೌನಿನಿಂದ ಹೊರಟಾಗ ಅದನ್ನು ಒತ್ತಿ ಎಷ್ಟು ಹೋಯಿತು ಅಂತ ಬರೆಯಬೇಕು ಅಂತ ಅವರಿಗೆ ಯಾರು ಹೇಳಿಕೊಟ್ಟಿದ್ದಾರೆ?

ಜಾಗ ಹಂಚುವುದು ದೊಡ್ಡ ವಿದ್ಯೆಯೇನಲ್ಲ. ಸಾಮಾನು ಮೊದಲು ಎಲ್ಲಿ ಇಳಿಯುತ್ತದೆ, ಎಲ್ಲಿಂದ ಖರ್ಚಾಗುತ್ತದೆ, ಇವೆರಡು ನೋಡಿದರೆ ಸಾಕು. ಕರಿಬೇವು, ಕೊತ್ತಂಬರಿ ಮಾರ್ಕೆಟ್‌ನಿಂದ ನೇರ ಅಡುಗೆಮನೆಗೇ ಬರುತ್ತವೆ, ಅವುಗಳ ಖರೀದಿಯನ್ನೂ ಅಲ್ಲಿಗೇ ಹಾಕಿ, ಸುಮ್ನೆ ಗೋಡೌನ್ ಸುತ್ತಿಸಬೇಡಿ. ನೀರಿನ ಬಾಟಲಿ ಕೌಂಟರ್ ಫ್ರಿಜ್‌ನಿಂದ ಹೋಗುತ್ತದೆ. ಅಕ್ಕಿ, ಮಂಡಕ್ಕಿ ಚೀಲ, ಎಣ್ಣೆ ಗೋಡೌನಿಗೆ ಬಂದು ಆಮೇಲೆ ಒಳಗೆ ಹೋಗುತ್ತವೆ. ಹಾಲು ಮಾತ್ರ ಸ್ವಲ್ಪ ತಲೆ ತಿನ್ನುತ್ತದೆ, ಯಾಕೆಂದರೆ ಟೀ ಕೌಂಟರಿಗೂ ಬೇಕು, ಅಡುಗೆಮನೆಗೂ ಬೇಕು. ಅದಕ್ಕೆ ಕೆಲವರು ‘ಹಾಲು ಟೀ’, ‘ಹಾಲು ಕಿಚನ್’ ಅಂತ ಎರಡು ಐಟಂ ಮಾಡಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಐಟಂ ಒಂದೇ ಇರಲಿ, ಜಾಗ ಎರಡಿರಲಿ, ಟೀ ಬಿಲ್ ಆದರೆ ಟೀ ಕೌಂಟರಿನಿಂದಲೇ ಕಳೆಯುವಂತೆ ಜೋಡಿಸಿ. ತರುವುದು ಡಬ್ಬಿ ಲೆಕ್ಕದಲ್ಲಿ, ಖರ್ಚು ಗ್ರಾಂ ಲೆಕ್ಕದಲ್ಲಿ, ಒಂದು ಡಬ್ಬಿಗೆ ಎಷ್ಟು ಕೆಜಿ ಅನ್ನುವುದನ್ನೂ ಅಲ್ಲೇ ತುಂಬಿಸಿ.

ಫ್ರಿಜ್ ಸಾಮಾನಿನಲ್ಲಿ ತಪ್ಪಾದರೆ ದುಡ್ಡಿನ ಜೊತೆ ಆರೋಗ್ಯವೂ ಹೋಗುತ್ತದೆ. ಪನೀರ್‌ನಂಥದ್ದು 5 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿ ಇರಬೇಕು. ನಮ್ಮ ಮೇ ತಿಂಗಳ ಬಿಸಿಲು ಎಲ್ಲರಿಗೂ ಗೊತ್ತು. ಕಂಪ್ಯೂಟರಿನಲ್ಲಿ ಒಂದು ಫ್ರಿಜ್, ನಿಜದಲ್ಲಿ ಇನ್ನೊಂದು ಫ್ರಿಜ್ ಅಂತಾದರೆ ಹಳೆಯದು ಹಿಂದೆಯೇ ಉಳಿದು ಕೆಡುತ್ತದೆ.

ಮಾಲೀಕರ ಸಂಕಟವೂ ಸುಳ್ಳಲ್ಲ. ಸಾಮಾನ್ಯ ಹೋಟೆಲಿನಲ್ಲಿ ಊಟಕ್ಕೆ 5 ಪರ್ಸೆಂಟ್ ಜಿಎಸ್‌ಟಿ, ಆದರೆ ಸಾಮಾನು, ಗ್ಯಾಸ್ ಮೇಲೆ ತಾವು ಕಟ್ಟಿದ ತೆರಿಗೆಯನ್ನು ಅದರಲ್ಲಿ ಕಳೆದು ಉಳಿದಷ್ಟನ್ನೇ ಕಟ್ಟಲು ಬರುವುದಿಲ್ಲ. ಒಂದು ಕೆಜಿ ಹಾಳಾದರೂ ಪೂರ್ತಿ ಅವರ ತಲೆಗೇ. ಲೆಕ್ಕ ಕೇಳುವುದು ಅವರ ಹಕ್ಕು. ಆದರೆ ಸಂಬಳ ಹಿಡಿಯುವುದಕ್ಕೆ ಕಾನೂನಿದೆ ಅಲ್ವಾ? 1936ರ ವೇತನ ಪಾವತಿ ಕಾಯ್ದೆಯಲ್ಲೂ ಇತ್ತು, 2019ರ ವೇತನ ಸಂಹಿತೆಯಲ್ಲೂ ಇದೆ: ಆ ಸಾಮಾನನ್ನು ಅವನ ವಶಕ್ಕೆ ಕೊಟ್ಟಿರಬೇಕು, ಅವನ ಅಜಾಗರೂಕತೆಯಿಂದಲೇ ನಷ್ಟ ಆಗಿರಬೇಕು, ಹಿಡಿಯುವ ಮುನ್ನ ಅವನ ಮಾತು ಕೇಳಬೇಕು. ಕಂಪ್ಯೂಟರಿನ ಒಂದು ಸಾಲು ತೋರಿಸಿ ದುಡ್ಡು ಕತ್ತರಿಸುವುದು ಯಾವ ನ್ಯಾಯ?

ಸಾಫ್ಟ್‌ವೇರ್ ಮಾರುವವರು ಕನ್ನಡದಲ್ಲಿ ಸ್ಕ್ರೀನ್ ಕೊಡಲಿ, ಹೋಟೆಲ್ ಮಾಲೀಕರ ಸಂಘದವರು ಕೆಲಸದವರನ್ನೂ ಕರೆದು ಅರ್ಧ ದಿನ ಇದನ್ನು ಹೇಳಿಕೊಡಲಿ. ಅಲ್ಲಿಯವರೆಗೆ ಮಾಲೀಕರಲ್ಲಿ ನನ್ನದೊಂದೇ ಕೋರಿಕೆ. ಸ್ಟಾಕ್ ಎಣಿಸಲು ಕೂತಾಗ ಗೋಡೌನ್, ಅಡುಗೆಮನೆ, ಕೌಂಟರ್ ಮೂರರ ರಿಪೋರ್ಟನ್ನೂ ಒಟ್ಟಿಗೆ ತೆಗೆಯಿರಿ, ಸ್ಟೋರ್ ಹುಡುಗನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಎಲ್ಲಿ ಮೈನಸ್ ಇದೆ ಅಂತ ಮೊದಲು ಹುಡುಕಿ.

– ಹೋಟೆಲ್ ಲೆಕ್ಕ ಬರೆಯುವವ, ಕೌಲ್ ಬಜಾರ್, ಬಳ್ಳಾರಿ