ಮೊದಲು ಚೀಟಿ, ಆಮೇಲೆ ಕೂಪನ್

ಚಿಕ್ಕಮಗಳೂರು

ಚಿ. ಸುಹಾಸನಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಹಾಸನದಲ್ಲಿ ಮನೆ ಹೂಡಿದ ಮೇಲೆ ಸಂಬಳದಲ್ಲಿ ದೊಡ್ಡ ಪಾಲು ದಿನಸಿಗೇ ಹೋಗುತ್ತಿದೆಯಂತೆ. ಕೂಪನ್ನು, ಆಫರ್ರು ಎಂದು ಫೋನಿನ ತುಂಬ ಆ್ಯಪ್ ಹಾಕಿಕೊಂಡರೂ ಬಿಲ್ಲು ಇಳಿಯುತ್ತಿಲ್ಲವಂತೆ. ನಿನ್ನಮ್ಮ ಹೇಳಿದಳು. ಫೋನಿನಲ್ಲಿ ಹೇಳಿದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಓದಿ ಕಾವ್ಯಳಿಗೂ ಕೊಡು. ಲೆಕ್ಕದಲ್ಲಿ ಅವಳೇ ನಿನಗಿಂತ ಚುರುಕು.

ಕೂಪನ್ನಿನ ದುಡ್ಡು ಯಾರ ಜೇಬಿನದು ಅನ್ನುವುದನ್ನು ಮೊದಲು ತಿಳಿದುಕೋ. ಅಂಗಡಿಯವನು ತನ್ನ ಕೈಯಿಂದ ಕೊಡುವುದು ಅಪರೂಪ. ಸಾಮಾನು ತಯಾರಿಸುವ ಕಂಪನಿ ಕೊಡುತ್ತದೆ, ನೀನು ಬೇರೆ ಬ್ರಾಂಡ್ ಬಿಟ್ಟು ಅದಕ್ಕೆ ಒಗ್ಗಿಕೊಳ್ಳಲಿ ಅಂತ. ಇಲ್ಲವೇ ಆ್ಯಪ್‌ನವರು ಕೊಡುತ್ತಾರೆ, ನಿನಗೆ ಅದೇ ಅಭ್ಯಾಸವಾಗಲಿ ಅಂತ. ಹಾಗಾಗಿ ಕೂಪನ್ನು ಹೆಚ್ಚಾಗಿ ಸಿಗುವುದು ಸೋಪು, ಶಾಂಪೂ, ಬಟ್ಟೆ ಒಗೆಯುವ ಪುಡಿ, ಟೂತ್‌ಪೇಸ್ಟು, ಬಿಸ್ಕತ್ತು, ನೂಡಲ್ಸು, ಟೀ ಪುಡಿಗೆ. ಅಕ್ಕಿ, ಸಕ್ಕರೆ, ಬೇಳೆ, ನಂದಿನಿ ಹಾಲು ಇವುಗಳಲ್ಲಿ ಮಾರುವವನಿಗೇ ಉಳಿಯುವುದು ಅಷ್ಟಕ್ಕಷ್ಟೆ. ಅವನು ಕೂಪನ್ನು ಎಲ್ಲಿಂದ ಕೊಟ್ಟಾನು? ನಿನ್ನ ಬಿಲ್ಲಿನ ಮುಕ್ಕಾಲು ಪಾಲು ಇರುವುದು ಈ ಎರಡನೆಯ ಗುಂಪಿನಲ್ಲಿ. ಅಲ್ಲಿ ಉಳಿತಾಯ ಬರುವುದು ಪ್ಯಾಕಿನ ಅಳತೆಯಿಂದ, ಸುಗ್ಗಿಯಿಂದ, ಅಂಗಡಿ ಆರಿಸುವುದರಿಂದ. ಎರಡನ್ನೂ ಒಟ್ಟಿಗೆ ನೋಡಿಕೊಂಡರೆ ಮಾತ್ರ ಬಿಲ್ಲು ಇಳಿಯುತ್ತದೆ.

ಚೀಟಿಯಿಂದ ಶುರು ಮಾಡು. ಆ್ಯಪ್ ತೆರೆಯುವ ಮೊದಲೇ ಕಾಗದದ ಮೇಲೆ ತಿಂಗಳ ಚೀಟಿ ಬರೆಯಬೇಕು. ನಿಮ್ಮಿಬ್ಬರಿಗೆ ಸುಮಾರಾಗಿ ಅಕ್ಕಿ 9 ಕೆ.ಜಿ., ತೊಗರಿಬೇಳೆ 2 ಕೆ.ಜಿ., ಎಣ್ಣೆ 2 ಲೀಟರ್, ಸಕ್ಕರೆ ಒಂದೂವರೆ ಕೆ.ಜಿ., ರಾಗಿಹಿಟ್ಟು 3 ಕೆ.ಜಿ. ಸಾಕು. ಎರಡು ತಿಂಗಳು ಬರೆದಿಟ್ಟರೆ ನಿಮ್ಮ ಮನೆಯ ಲೆಕ್ಕ ನಿಮಗೇ ಸಿಗುತ್ತದೆ. ಪ್ರತಿ ಸಾಮಾನಿನ ಪಕ್ಕದಲ್ಲಿ ಹೋದ ಸಲ ಕೊಟ್ಟ ಬೆಲೆಯನ್ನು ಕೆ.ಜಿ.ಗೆ ಇಷ್ಟು, ಲೀಟರಿಗೆ ಇಷ್ಟು ಎಂದು ಬರೆ. ಈ ಕೊನೆಯ ಅಂಕಿ ಇಲ್ಲದಿದ್ದರೆ ಕೂಪನ್ನು ಲಾಭವೋ ನಷ್ಟವೋ ಹೇಳಲು ಆಗುವುದೇ ಇಲ್ಲ. ಚೀಟಿಯಲ್ಲಿ ಇಲ್ಲದ ಸಾಮಾನಿಗೆ ಎಂಥ ಕೂಪನ್ನು ಬಂದರೂ ಮುಂದಕ್ಕೆ ಸರಿಸಿಬಿಡು.

ಈಗ ‘ಇಷ್ಟರ ಮೇಲೆ ಕೊಂಡರೆ ಇಷ್ಟು ಕಡಿತ’ ಅನ್ನುವ ಕೂಪನ್. ಜನ ಹೆಚ್ಚು ಮೋಸ ಹೋಗುವುದು ಇಲ್ಲೇ. 999 ರೂಪಾಯಿಗೆ 150 ಕಡಿತ ಅಂತಿಟ್ಟುಕೋ. ನಿನ್ನ ಚೀಟಿಯ ಸಾಮಾನು 760 ರೂಪಾಯಿಯದು. ಕೂಪನ್ನಿನ ಆಸೆಗೆ ಚಿಪ್ಸು, ಜ್ಯೂಸು, ಸಾಸು ಎಂದು 240 ರೂಪಾಯಿಯದು ಸೇರಿಸಿದೆ. 1,000 ಆಯಿತು, ಕಡಿತ ಹೋಗಿ 850 ಕೊಟ್ಟೆ. ಆ್ಯಪ್ ‘150 ಉಳಿಸಿದ್ದೀರಿ’ ಎಂದು ಹಸಿರು ಅಕ್ಷರದಲ್ಲಿ ತೋರಿಸುತ್ತದೆ. ಜೇಬಿನಿಂದ 90 ರೂಪಾಯಿ ಹೆಚ್ಚೇ ಹೋಗಿರುತ್ತದೆ. ಅದೇ 240ಕ್ಕೆ ಮುಂದಿನ ತಿಂಗಳು ಹೇಗಿದ್ದರೂ ಬೇಕಾಗುವ ಒಗೆಯುವ ಪುಡಿ, ಪಾತ್ರೆ ಸೋಪು ಸೇರಿಸಿದರೆ 150 ನಿಜವಾಗಿಯೂ ಉಳಿಯಿತು. ಹಾಗಾಗಿ ಕೆಡದೆ ಉಳಿಯುವ ನಾಲ್ಕೈದು ಸಾಮಾನನ್ನು ಚೀಟಿಯ ಕೊನೆಯಲ್ಲಿ ‘ಭರ್ತಿಗೆ’ ಎಂದು ಬೇರೆ ಬರೆದಿಡು: ಮೈ ಸೋಪು, ಟೂತ್‌ಪೇಸ್ಟು, ಉಪ್ಪು, ಊದುಬತ್ತಿ, ಟೀ ಪುಡಿ. ಮೊತ್ತ ಸಾಲದೆ ಬಂದಾಗ ಅದರಿಂದ ಮಾತ್ರ ಎತ್ತಿಕೊಳ್ಳಬೇಕು.

ಇದರಲ್ಲೇ ಇನ್ನೊಂದು ಸೂಕ್ಷ್ಮ. ಎಷ್ಟೋ ಕಡೆ ಮೊದಲು ಸಾಮಾನಿನ ಮೇಲಿನ ರಿಯಾಯಿತಿ ಕಳೆದು, ಉಳಿದ ಮೊತ್ತ ಕನಿಷ್ಠ ಮಿತಿ ಮುಟ್ಟಿದೆಯೇ ನೋಡುತ್ತಾರೆ. ಎಂ.ಆರ್.ಪಿ. ಲೆಕ್ಕದಲ್ಲಿ 1,180 ಆಗಿದ್ದರೂ ರಿಯಾಯಿತಿ ಕಳೆದು 985ಕ್ಕೆ ಇಳಿದಿದ್ದರೆ 999ರ ಕೂಪನ್ನು ಕೂರುವುದಿಲ್ಲ. ‘ಕೋಡ್ ಕೆಲಸ ಮಾಡುತ್ತಿಲ್ಲ’ ಎಂದು ರೇಗುವವರ ಎಷ್ಟೋ ತಕರಾರಿಗೆ ಕಾರಣ ಇದು. ಒಂದು ಪ್ಯಾಕೆಟ್ ಉಪ್ಪು ಹಾಕಿದರೆ ಮುಗಿಯಿತು. ಬ್ಯಾಂಕ್ ಕಾರ್ಡಿನ ರಿಯಾಯಿತಿ ಇದ್ದರೆ ಅದು ಕೊನೆಗೆ, ಉಳಿದ ಮೊತ್ತದ ಮೇಲೆ. ಅದಕ್ಕೂ ಅದರದೇ ಮಿತಿ ಇರುತ್ತದೆ, ಕೆಲವು ವಾರಗಳಿಗಷ್ಟೇ ಸಿಗುತ್ತದೆ.

‘ಶೇ 20 ಕಡಿತ, ಗರಿಷ್ಠ 100 ರೂ.’ ಎಂದಿದ್ದರೆ ಸರಿಯಾಗಿ 500 ರೂಪಾಯಿಯ ಬಿಲ್ಲಿಗೆ ಅದು ಪೂರ್ತಿ ದಕ್ಕುತ್ತದೆ. 1,500ರ ಬಿಲ್ಲಿಗೂ ಅದೇ 100. ಅಂದರೆ ಶೇ 7ಕ್ಕೂ ಕಡಿಮೆ. ಇಂಥದ್ದಕ್ಕೆ ಬಿಲ್ಲನ್ನು ಚಿಕ್ಕದಾಗಿಡು, ‘ಇಷ್ಟರ ಮೇಲೆ ಕೊಂಡರೆ’ ಅನ್ನುವ ಕೂಪನ್ನಿಗೆ ಮಿತಿ ಮುಟ್ಟುವಷ್ಟು ದೊಡ್ಡದು ಮಾಡು. ಆದರೆ ಮನೆಗೆ ತಲುಪಿಸುವ ಶುಲ್ಕ, ನಿರ್ವಹಣೆ ಶುಲ್ಕ, ಚಿಕ್ಕ ಆರ್ಡರಿನ ಶುಲ್ಕ, ಮಳೆ ಬಂದರೆ ಅದಕ್ಕೊಂದು, ಇವನ್ನೆಲ್ಲ ಕೂಡಿಸಿದ ಮೇಲೆ ಎಷ್ಟು ಉಳಿಯಿತು ನೋಡು. ಕೊನೆಯ ಪರದೆಯ ಮೊತ್ತವೇ ಬೆಲೆ. ಕ್ಯಾಶ್‌ಬ್ಯಾಕನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ: ಮುಂದಿನ ಬಿಲ್ಲಿನಲ್ಲಿ ಇಷ್ಟೇ ಪಾಲು ಬಳಸಬಹುದು, ಇಂಥ ದಿನದೊಳಗೇ ಬಳಸಬೇಕು ಎಂಬ ಷರತ್ತು ಅದರ ಬಾಲಕ್ಕೆ ಕಟ್ಟಿರುತ್ತದೆ. ಬಂದರೆ ಬರಲಿ ಅಷ್ಟೆ.

ಪ್ಯಾಕಿನ ಮೇಲಿನ ಆಫರ್ ಓದುವುದಕ್ಕೂ ಲೆಕ್ಕ ಬೇಕು. ಒಂದಕ್ಕೆ ಒಂದು ಉಚಿತ ಅಂದರೆ ಅರ್ಧ ಬೆಲೆ. ಎರಡಕ್ಕೆ ಒಂದು ಉಚಿತ ಅಂದರೆ ಮೂರರಲ್ಲೊಂದು ಪಾಲು ಕಡಿಮೆ. ಎರಡನೆಯದು ಅರ್ಧ ಬೆಲೆಗೆ ಅಂದರೆ ಒಟ್ಟಾರೆ ಶೇ 25 ಮಾತ್ರ. ‘ಶೇ 25 ಹೆಚ್ಚು’ ಎಂದಿದ್ದರೆ ನಿನಗೆ ಸಿಗುವುದು ಶೇ 20ರ ಕಡಿತ: 100 ರೂಪಾಯಿಗೆ 1,000 ಗ್ರಾಂ ಇದ್ದದ್ದು 1,250 ಗ್ರಾಂ ಆಯಿತು, 100 ಗ್ರಾಂಗೆ 10 ಇದ್ದದ್ದು 8ಕ್ಕೆ ಬಂತು. ಇಷ್ಟಾದರೂ ಈ ಲೆಕ್ಕವೆಲ್ಲ ಎಂ.ಆರ್.ಪಿ. ಮೇಲೆ. ಅದೇ ಸಾಮಾನನ್ನು ಪಕ್ಕದ ಅಂಗಡಿ ಎಂ.ಆರ್.ಪಿ.ಗಿಂತ ಕೆಳಗೇ ಮಾರುತ್ತಿದ್ದರೆ ಆಫರಿನ ಅರ್ಧ ಹುರುಳು ಅಲ್ಲೇ ಹೋಯಿತು.

ಎಂ.ಆರ್.ಪಿ. ಹತ್ತಿರ ಸಣ್ಣ ಅಕ್ಷರದಲ್ಲಿ ಇನ್ನೊಂದು ಬೆಲೆ ಅಚ್ಚಾಗಿರುತ್ತದೆ, ನೋಡಿದ್ದೀಯಾ? ಒಂದು ಕೆ.ಜಿ.ಗಿಂತ ಕಡಿಮೆಯ ಪ್ಯಾಕಿಗೆ ಗ್ರಾಂಗೆ ಎಷ್ಟು, ಅದಕ್ಕಿಂತ ದೊಡ್ಡದಕ್ಕೆ ಕೆ.ಜಿ.ಗೆ ಎಷ್ಟು ಎಂದು ಕಾನೂನಿನ ಪ್ರಕಾರವೇ ಹಾಕಬೇಕು. ಗ್ರಾಂಗೆ 0.28 ಎಂದಿದ್ದರೆ ಕೆ.ಜಿ.ಗೆ 280. ಚಿಕ್ಕ ಪ್ಯಾಕು, ದೊಡ್ಡ ಪ್ಯಾಕು, ಕೂಪನ್ ಇರುವುದು, ಇಲ್ಲದ್ದು ಎಲ್ಲವನ್ನೂ ಹೋಲಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಕೂಪನ್ನಿನ ದುಡ್ಡನ್ನು ಮಾತ್ರ ನೀನೇ ಕಳೆದು ಭಾಗಿಸಬೇಕು.

ಎಣ್ಣೆಯಲ್ಲಿ ಈ ಲೆಕ್ಕ ಮಾಡದಿದ್ದರೆ ಖಂಡಿತ ತಪ್ಪುತ್ತೀಯ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಈಗ ಪಾಕೀಟುಗಳು 800 ಗ್ರಾಂ, 850 ಗ್ರಾಂ ಎಂದೂ ಬರುತ್ತವೆ. ಕಣ್ಣಿಗೆ ಎಲ್ಲ ಲೀಟರ್ ಪಾಕೀಟಿನ ಹಾಗೆಯೇ ಕಾಣುತ್ತವೆ. ಮಾತಿಗೆ, ಒಂದು ಲೀಟರ್ 155 ರೂಪಾಯಿ, 800 ಗ್ರಾಂನದು 140 ಅಂತಿಟ್ಟುಕೋ. ಅಗ್ಗ ಎಂದು 140ರದ್ದು ಎತ್ತಿದರೆ ಕೆ.ಜಿ.ಗೆ 175 ಬಿತ್ತು, 155ರದ್ದು ಕೆ.ಜಿ.ಗೆ 170ರ ಆಸುಪಾಸು. 800 ಗ್ರಾಂನದಕ್ಕೆ 5 ರೂಪಾಯಿಯ ಕೂಪನ್ ಇದ್ದರೆ 169ಕ್ಕೆ ಇಳಿದು ಅದೇ ಒಂದು ಕೂದಲೆಳೆ ಅಗ್ಗವಾಗುತ್ತದೆ. ನೋಡಿದೆಯಾ, ಕೂಪನ್ ಬೇಡ ಎಂದಲ್ಲ, ಭಾಗಿಸಿದ ಮೇಲೆ ಮಾತಾಡಬೇಕು. ಟಿನ್ನಿನಲ್ಲೂ ಇದೇ ಕಥೆ: 15 ಕೆ.ಜಿ. ಟಿನ್ನು ಬೇರೆ, 15 ಲೀಟರ್ ಟಿನ್ನು ಬೇರೆ. ಎರಡನೆಯದರಲ್ಲಿ ಇರುವುದು ಹದಿಮೂರೂವರೆ ಕೆ.ಜಿ.ಗಿಂತ ತುಸು ಹೆಚ್ಚು ಅಷ್ಟೆ. ಇಬ್ಬರಿಗೆ ಟಿನ್ನು ಬೇಡವೇ ಬೇಡ, ಮುಗಿಯುವಷ್ಟರಲ್ಲಿ ಕನರುವಾಸನೆ ಬರುತ್ತದೆ.

ಅಕ್ಕಿಗೆ ಬರೋಣ. ಅಂಗಡಿಯಲ್ಲಿ 26 ಕೆ.ಜಿ. ಮೂಟೆ ಯಾಕೆ ಎಂದು ನಿನಗೆ ಅನ್ನಿಸಿರಬಹುದು. 2022ರ ಜುಲೈ 18ರಿಂದ, ಮೊದಲೇ ಕಟ್ಟಿ ಲೇಬಲ್ ಹಾಕಿದ 25 ಕೆ.ಜಿ. ವರೆಗಿನ ಅಕ್ಕಿ, ಬೇಳೆ, ಹಿಟ್ಟಿಗೆ ಶೇ 5 ಜಿ.ಎಸ್.ಟಿ. ಬಂತು. ಅದಕ್ಕಿಂತ ದೊಡ್ಡ ಮೂಟೆಗೂ, ಬಿಡಿಯಾಗಿ ತೂಗಿ ಕೊಡುವುದಕ್ಕೂ ಇಲ್ಲ. ಒಂದು ಕೆ.ಜಿ. ಹೆಚ್ಚು ತುಂಬಿದರೆ ತೆರಿಗೆ ತಪ್ಪಿತು, ಅಷ್ಟೇ ಗುಟ್ಟು. ಐದು ಕೆ.ಜಿ. ಪ್ಯಾಕಿಗೆ 50 ರೂಪಾಯಿ ಕೂಪನ್ ಬಂದರೂ, ಕಳೆದ ಮೇಲೆ ಕೆ.ಜಿ.ಗೆ ಬೀಳುವ ಬೆಲೆಯನ್ನು ಮೂಟೆಯ ಬೆಲೆಗೆ ಹೋಲಿಸು. ಮೂಟೆಯೇ ಗೆಲ್ಲುವುದು ಹೆಚ್ಚು. ಆದರೆ ನಿಮಗೆ 26 ಕೆ.ಜಿ. ಮೂರು ತಿಂಗಳು ಬರುತ್ತದೆ. ಜೂನಿನಿಂದ ಸೆಪ್ಟೆಂಬರ್ ವರೆಗೆ ನಮ್ಮ ಕಡೆಯ ಥಂಡಿಗೆ ಅಕ್ಕಿಗೆ ಹುಳು, ಬೇಳೆಗೆ ನುಸಿ ಖಂಡಿತ. ಮಳೆಗಾಲದಲ್ಲಿ ಪಕ್ಕದ ಮನೆಯವರ ಜೊತೆ ಮೂಟೆ ಹಂಚಿಕೊ, ಇಲ್ಲವೇ ಬಿಡಿಯಾಗಿ 10 ಕೆ.ಜಿ. ತಾ. ಒಗೆಯುವ ಪುಡಿಯೂ ಅಷ್ಟೇ, ಬಾಯಿ ತೆರೆದ ದೊಡ್ಡ ಪ್ಯಾಕು ಥಂಡಿಗೆ ಗಟ್ಟಿಯಾಗುತ್ತದೆ. ಮೈ ಸೋಪು ಮಾತ್ರ ಒಂದು ವರ್ಷದ್ದು ಕೊಂಡಿಟ್ಟರೂ ಚಿಂತೆಯಿಲ್ಲ. ರಟ್ಟು ಬಿಚ್ಚಿ ಒಣಗಲು ಬಿಟ್ಟರೆ ಗಟ್ಟಿಯಾಗಿ ಇನ್ನೂ ಹೆಚ್ಚು ದಿನ ಬರುತ್ತದೆ.

ಕಾಫಿಪುಡಿಗೆ ಕೂಪನ್ ಹುಡುಕುವುದು ನಮ್ಮ ಊರಿನವರಿಗೆ ಮರ್ಯಾದೆಯಲ್ಲ. ತಮಾಷೆ ಬಿಡು, ಕಾರಣವೂ ಇದೆ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕೆ ಕಡಿಮೆ ಇರಬಾರದು ಎಂಬುದು ನಿಯಮ. ಅಂದರೆ ಚಿಕೋರಿ ಶೇ 49ರ ವರೆಗೂ ಇರಬಹುದು. ಚಿಕೋರಿ ಕಾಫಿಗಿಂತ ಬಹಳ ಅಗ್ಗ. ಪ್ಯಾಕಿನ ಮೇಲೆ ಪಾಲು ಎಷ್ಟೆಂದು ಬರೆದಿರುತ್ತದೆ, ಓದು. ಅರ್ಧಕ್ಕರ್ಧ ಚಿಕೋರಿ ಇರುವ ಪುಡಿಗೆ 30 ರೂಪಾಯಿ ಕಡಿತ ಸಿಕ್ಕಿದರೆ ಸಂತೋಷಪಡುವುದು ಏನಿದೆ? ಬೀಜ ಹುರಿದು ಎದುರಿಗೇ ಪುಡಿ ಮಾಡಿಕೊಡುವ ಅಂಗಡಿಯಲ್ಲಿ 80ಕ್ಕೆ 20 ಎಂದು ಹೇಳಿ, ಹದಿನೈದು ದಿನಕ್ಕಾಗುವಷ್ಟು ಕಾಲು ಕೆ.ಜಿ. ತಾ.

ತರಕಾರಿಗೆ ಕಟ್ಟಿನಕೆರೆ ಮಾರುಕಟ್ಟೆಗೆ ಹೋಗು. ಒಂದು ರೂಪಾಯಿಗೆ ಟೊಮೆಟೊ ಎಂದು ಆ್ಯಪ್ ತೋರಿಸಿದರೆ ಅದರ ಹಿಂದೆ ಕನಿಷ್ಠ ಮೊತ್ತದ ಕೊಕ್ಕೆ ಇರುತ್ತದೆ. ಹೊಸ ತೊಗರಿಬೇಳೆ, ಬ್ಯಾಡಗಿ ಮೆಣಸಿನಕಾಯಿ, ಹುಣಸೆಹಣ್ಣು ಇವೆಲ್ಲ ವರ್ಷದ ಮೊದಲ ನಾಲ್ಕು ತಿಂಗಳಲ್ಲಿ ಪೇಟೆಗೆ ಬರುತ್ತವೆ. ವರ್ಷದ್ದನ್ನು ಆಗಲೇ ತಂದು ಬಿಸಿಲಿಗೆ ಹಾಕಿಡಬೇಕು. ಯಾವ ಕೂಪನ್ನೂ ಅಷ್ಟು ಉಳಿಸಿಕೊಡುವುದಿಲ್ಲ.

ಬೀದಿಯ ದಿನಸಿ ಅಂಗಡಿಯನ್ನು ಕಡೆಗಣಿಸಬೇಡ. ಕಂಪನಿಗಳು ಅವರಿಗೆ ‘ಸ್ಕೀಮ್’ ಕೊಡುತ್ತವೆ, ಡಜನ್ ಎತ್ತಿದರೆ ಒಂದು ಹೆಚ್ಚು ಎಂಬ ಹಾಗೆ. ಮಾರಾಟದ ಗುರಿ ಮುಟ್ಟಿಸಲು ಸೇಲ್ಸ್‌ನವರು ತಿಂಗಳ ಕೊನೆಗೆ ಸರಕು ತಳ್ಳುತ್ತಾರೆ. ಆಗ ಹೋಗಿ ‘ಅಣ್ಣಾ, ಸ್ಕೀಮ್ ಏನಾದರೂ ಇದೆಯಾ?’ ಎಂದು ಕೇಳು, ಕೇಳಿದವರಿಗೆ ಕೊಡುತ್ತಾರೆ. ನಿನ್ನ ತಿಂಗಳ ಚೀಟಿಯನ್ನೇ ಎರಡು ಅಂಗಡಿಗೆ ಕೊಟ್ಟು ರೇಟು ಬರೆಸಿಕೊ. ನಗದು ಕೊಡುತ್ತೇನೆ, ಉದ್ರಿ ಬೇಡ ಅಂದರೆ ಇನ್ನೂ ಸ್ವಲ್ಪ ಇಳಿಸುತ್ತಾರೆ. ಪ್ಯಾಕಿನ ಜೊತೆ ಡಬ್ಬಿಯೋ ಸೋಪೋ ಉಚಿತ ಎಂದು ಬರೆದಿದ್ದರೆ ಅದನ್ನು ಕೇಳಿ ತಗೋ. ಕೆಲವರು ಬಿಡಿಸಿ ಬೇರೆ ಮಾರಿಬಿಡುತ್ತಾರೆ.

ಸೂಪರ್ ಮಾರ್ಕೆಟ್ಟಿನ ಕೌಂಟರಿನಲ್ಲಿ, ಬಿಲ್ಲು ಮುಗಿಸುವ ಮೊದಲೇ ಕೂಪನ್ ತೋರಿಸು. ದುಡ್ಡು ಹೋದ ಮೇಲೆ ತಿದ್ದುವುದು ಅವರಿಗೂ ಕಷ್ಟ. ಒಂದಕ್ಕೊಂದು ಉಚಿತದಲ್ಲಿ ಎರಡನ್ನೂ ಸ್ಕ್ಯಾನ್ ಮಾಡಬೇಕು, ಇಲ್ಲದಿದ್ದರೆ ಆಫರ್ ಕೂರುವುದಿಲ್ಲ. ಕಪಾಟಿನ ಚೀಟಿಯಲ್ಲಿ ಒಂದು ಬೆಲೆ, ಬಿಲ್ಲಿನಲ್ಲಿ ಇನ್ನೊಂದು ಬರುವುದು ಆಫರ್ ಮುಗಿದರೂ ಚೀಟಿ ತೆಗೆಯದೆ ಬಿಟ್ಟಾಗ. ಚೀಟಿಯ ಫೋಟೋ ತೆಗೆದಿಟ್ಟುಕೊಂಡರೆ ವಾದ ಬೇಕಾಗುವುದಿಲ್ಲ. ಕನಿಷ್ಠ ಮೊತ್ತದ ಕೂಪನ್ ಹಾಕಿದ ಬಿಲ್ಲಿನಿಂದ ಒಂದು ಸಾಮಾನು ವಾಪಸ್ ಕೊಟ್ಟರೆ ಕಡಿತದ ಪಾಲನ್ನೂ ಹಿಂದಕ್ಕೆ ತೆಗೆದುಕೊಳ್ಳಬಹುದು, ಅದು ನೆನಪಿರಲಿ. ಎಂ.ಆರ್.ಪಿ.ಗಿಂತ ಹೆಚ್ಚು ಕೇಳಿದರೆ ಗ್ರಾಹಕರ ಸಹಾಯವಾಣಿ 1915.

ಅವಧಿ ಹತ್ತಿರ ಬಂದದ್ದನ್ನು ಅರ್ಧ ಬೆಲೆಗೆ ಇಟ್ಟಿದ್ದರೆ ಯಾವ ದಿನಾಂಕ ಎಂದು ನೋಡು. ‘ಇಷ್ಟರೊಳಗೆ ಉತ್ತಮ’ ಎಂದಿದ್ದರೆ ಆ ದಿನದ ನಂತರ ರುಚಿ ತಗ್ಗುತ್ತದೆ. ‘ಎಕ್ಸ್‌ಪೈರಿ’ ಎಂದಿದ್ದರೆ ಆಮೇಲೆ ಮುಟ್ಟಬಾರದು. ಒಂದು ವಾರದಲ್ಲಿ ತಿಂದು ಮುಗಿಸುವುದಾದರೆ ತಾ.

ವಾಟ್ಸ್‌ಆ್ಯಪ್‌ನಲ್ಲಿ ‘ನಿಮಗೆ 2,000 ರೂಪಾಯಿಯ ದಿನಸಿ ಕೂಪನ್ ಬಂದಿದೆ, ಕ್ಯೂಆರ್ ಸ್ಕ್ಯಾನ್ ಮಾಡಿ’ ಅಂದರೆ ಅಳಿಸಿಬಿಡು. ದುಡ್ಡು ಪಡೆಯಲು ಸ್ಕ್ಯಾನೂ ಬೇಡ, ಯು.ಪಿ.ಐ. ಪಿನ್ನೂ ಬೇಡ, ಪಿನ್ ಒತ್ತಿದರೆ ದುಡ್ಡು ಹೋಗುತ್ತದೆಯೇ ಹೊರತು ಬರುವುದಿಲ್ಲ. ಹೋಗಿಬಿಟ್ಟರೆ ತಡ ಮಾಡದೆ 1930ಕ್ಕೆ ಫೋನು ಮಾಡಬೇಕು. ಅಂಗಡಿಯ ಪಾಯಿಂಟ್ಸಿಗೆ ನಿಮ್ಮಿಬ್ಬರಲ್ಲಿ ಒಬ್ಬರ ನಂಬರನ್ನೇ ಕೊಡಿ, ಇಲ್ಲದಿದ್ದರೆ ಇಬ್ಬರ ಹೆಸರಲ್ಲೂ ಅರ್ಧರ್ಧ ನಿಂತು ಯಾವುದೂ ಬಳಕೆಗೆ ಬರುವುದಿಲ್ಲ.

ಮುಂದಿನ ತಿಂಗಳ ಚೀಟಿಯ ಮತ್ತು ಬಿಲ್ಲಿನ ಫೋಟೋ ಎರಡನ್ನೂ ಕಳಿಸು. ಕೂಪನ್ ಹಾಕಿದ ಸಾಮಾನಿಗೆ ಗುರುತು ಮಾಡಿ, ಕೆ.ಜಿ.ಗೆ ಎಷ್ಟು ಬಿತ್ತೆಂದು ಪಕ್ಕದಲ್ಲಿ ಕಾವ್ಯಳ ಕೈಯಲ್ಲೇ ಬರೆಸು.

ಇತಿ,
ನಿನ್ನ ದೊಡ್ಡಮ್ಮ