ಟ್ರೈಪಾಡ್ ಕೊಳ್ಳುವ ಮುಂಚೆ ತಟ್ಟಿ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯಲ್ಲಿ ಹೊಸ ಮೊಬೈಲು, ಹೊಸ ಕ್ಯಾಮೆರಾ ಅಂತ ಏನಾದರೂ ಬರುತ್ತಲೇ ಇರುತ್ತದೆ. ಅವನ್ನು ನಿಲ್ಲಿಸುವ ಮೂರು ಕಾಲಿನ ಸ್ಟ್ಯಾಂಡು, ಅಂದರೆ ಟ್ರೈಪಾಡ್ ಬಗ್ಗೆ ಮಾತ್ರ ಯಾರೂ ಬರೆಯುವುದಿಲ್ಲ. ಹೊಸಬರು ಕ್ಯಾಮೆರಾಕ್ಕೆ 50 ಸಾವಿರ ಸುರಿದು, ಆನ್‌ಲೈನ್‌ನಲ್ಲಿ ಕಣ್ಣಿಗೆ ಬಿದ್ದ ಸಾವಿರ ರೂಪಾಯಿಯ ಟ್ರೈಪಾಡ್ ಮೇಲೆ ಅದನ್ನು ಕೂರಿಸುತ್ತಾರೆ. ಆಮೇಲೆ ಫೋಟೊ ಶಾರ್ಪ್ ಇಲ್ಲ ಅಂತ ಲೆನ್ಸನ್ನು ಬೈಯುತ್ತಾರೆ.

ನಿಮಗೆ ಟ್ರೈಪಾಡ್ ಬೇಕಾ ಅಂತ ಮೊದಲು ನೋಡಿಕೊಳ್ಳಿ. ಹಗಲಲ್ಲಿ ಜಾತ್ರೆ, ಬೀದಿ, ಮಕ್ಕಳ ಫೋಟೊ ತೆಗೆಯುವವರಿಗೆ ಅದು ಸುಮ್ನೆ ಭಾರ. ಕಬಿನಿ, ಬಂಡೀಪುರದ ಸಫಾರಿ ಜೀಪಿನಲ್ಲಿ ಅದರ ಕಾಲು ಬಿಚ್ಚಲು ಜಾಗ ಎಲ್ಲಿದೆ? ಅಲ್ಲಿ ಕ್ಯಾಮೆರಾ ಊರಲು ಅಕ್ಕಿಯೋ ಕಾಳೋ ತುಂಬಿದ ಚೀಲ, ಬೀನ್ ಬ್ಯಾಗೇ ವಾಸಿ. ಭಾನುವಾರ ಸಂಜೆ ಮೈಸೂರು ಅರಮನೆಯ ದೀಪ, ಜಲಪಾತದ ನೀರು ನೊರೆಯಾಗಿ ಹರಡಿದ ಹಾಗೆ ಕಾಣುವ ಚಿತ್ರ, 15-20 ಸೆಕೆಂಡ್ ಶಟರ್ ತೆರೆದು ತೆಗೆಯುವ ನಕ್ಷತ್ರಗಳು, ಇವಕ್ಕಾದರೆ ಬೇಕೇ ಬೇಕು.

ಬಾಕ್ಸಿನ ಮೇಲಿನ ಎರಡು ಅಂಕಿಗಳನ್ನು ಕಣ್ಣು ಮುಚ್ಚಿ ನಂಬಬೇಡಿ. ಒಂದು, ಎತ್ತರ. 65 ಇಂಚು ಅಂತ ಬರೆದಿದ್ದರೆ ಸಾಮಾನ್ಯವಾಗಿ ಅದು ನಡುವಿನ ಕಂಬವನ್ನು ಪೂರ್ತಿ ಮೇಲೆತ್ತಿದಾಗಿನ ಲೆಕ್ಕ. ಕಂಬ ಎತ್ತಿದಿರೋ, ಮೂರು ಕಾಲಿದ್ದೂ ಕ್ಯಾಮೆರಾ ನಿಂತಿರುವುದು ಒಂಟಿ ಕೋಲಿನ ಮೇಲೆ. ಸಣ್ಣ ಗಾಳಿಗೂ ಅಲುಗುತ್ತದೆ. ಕಂಬ ಎತ್ತದೆ ಎಷ್ಟು ಎತ್ತರ ಬರುತ್ತದೆ ಅಂತ ಕೇಳಿ. ಐದೂವರೆ ಅಡಿ ಇರುವವರಿಗೆ ಕಾಲುಗಳೇ ಸುಮಾರು ನಾಲ್ಕೂವರೆ ಅಡಿ ಬಂದರೆ ಸಾಕು, ಕ್ಯಾಮೆರಾ ಕೂರಿಸಿ ತಿರುಗಿಸುವ ಮೇಲಿನ ಭಾಗ (ಹೆಡ್ಡು), ಕ್ಯಾಮೆರಾ ಸೇರಿ ಕಣ್ಣಿನ ಮಟ್ಟಕ್ಕೆ ಬಂದುಬಿಡುತ್ತದೆ. ಇನ್ನೊಂದು, ಹೊರುವ ತೂಕ. ಇದನ್ನು ಅಳೆಯಲು ಎಲ್ಲ ಕಂಪನಿಗಳೂ ಒಪ್ಪಿಕೊಂಡ ಒಂದೇ ಪದ್ಧತಿ ಇಲ್ಲ, ಅವರವರ ಲೆಕ್ಕ ಅವರವರದು. ಹಾಗಾಗಿ ನಿಮ್ಮ ಕ್ಯಾಮೆರಾ ಮತ್ತು ಇರುವುದರಲ್ಲೇ ಭಾರದ ಲೆನ್ಸ್ ಸೇರಿದರೆ ಎಷ್ಟು ತೂಕವೋ ಅದರ ಎರಡು ಮೂರು ಪಟ್ಟು ಹೊರುತ್ತದೆ ಅಂತ ಬರೆದಿರುವುದನ್ನೇ ನೋಡಿ.

ಇದಕ್ಕಿಂತ ಒಳ್ಳೆಯ ಪರೀಕ್ಷೆ ಅಂಗಡಿಯಲ್ಲೇ ಮಾಡಬಹುದು. ನಿಮ್ಮ ಕ್ಯಾಮೆರಾ ಜೊತೆಗೆ ಒಯ್ಯಿರಿ. ಅದನ್ನು ಮೇಲೆ ಕೂರಿಸಿ, ಜೂಮ್ ಪೂರ್ತಿ ಎಳೆದು, ಹಿಂದಿನ ಪರದೆಯಲ್ಲಿ ಚಿತ್ರವನ್ನು ದೊಡ್ಡದು ಮಾಡಿಕೊಂಡು, ಒಂದು ಕಾಲನ್ನು ಮೆಲ್ಲಗೆ ತಟ್ಟಿ. ಚಿತ್ರ ಅಲುಗಾಡಿ ಬೇಗ ನಿಂತರೆ ಸರಿ, ಕುಣಿಯುತ್ತಲೇ ಇದ್ದರೆ ಅಲ್ಲೇ ಬಿಟ್ಟು ಬನ್ನಿ. ಮೇಲಿಂದ ಕೈಯಲ್ಲಿ ಒತ್ತಿಯೂ ನೋಡಿ, ಲಾಕ್ ಹಾಕಿದ ಕಾಲು ಜಾರಬಾರದು. ಒಂದರೊಳಗೊಂದು ಸೇರುವ ಐದು ಭಾಗದ ಕಾಲು ಮಡಚಿದರೆ ಪುಟ್ಟ ಬ್ಯಾಗಿಗೂ ಹಿಡಿಯುತ್ತದೆ ನಿಜ, ಆದರೆ ಕೊನೆಯ ಭಾಗ ತೀರಾ ಸಣಕಲು. ಮೂರು ಅಥವಾ ನಾಲ್ಕು ಭಾಗದ್ದು ಸಾಕು.

ವಿಡಿಯೊ ಮಾಡದವರಿಗೆ ಗುಂಡಿನ ಮೇಲೆ ತಿರುಗುವ ಬಾಲ್ ಹೆಡ್ ಒಳ್ಳೆಯದು, ಒಂದೇ ತಿರುಪು ಸಡಿಲಿಸಿ ಬೇಕಾದ ಕಡೆ ತಿರುಗಿಸಬಹುದು. ಕ್ಯಾಮೆರಾ ತಳಕ್ಕೆ ಬಿಗಿದು ಹೆಡ್ಡಿಗೆ ಸಿಕ್ಕಿಸುವ ಪ್ಲೇಟ್, ಹಲವು ಕಂಪನಿಗಳು ಬಳಸುವ ಆರ್ಕಾ ಸ್ವಿಸ್ ಮಾದರಿಯದ್ದೇ ಇರಲಿ. ಅಗ್ಗದ ಟ್ರೈಪಾಡುಗಳಿಗೆ ಅವುಗಳದ್ದೇ ಪ್ಲಾಸ್ಟಿಕ್ ಪ್ಲೇಟ್ ಇರುತ್ತದೆ, ಅದು ಕಳೆದರೆ ಬೇರೆಯದು ಸಿಗುವುದು ಕಷ್ಟ. ಕಾರ್ಬನ್ ಫೈಬರ್ ಹಗುರ, ಒಪ್ಪುತ್ತೇನೆ, ಆದರೆ ಬೆಲೆ ಜಾಸ್ತಿ. ಬೆಟ್ಟ ಹತ್ತುವ ಅಭ್ಯಾಸ ಇಲ್ಲದವರು ಅದೇ ದುಡ್ಡಲ್ಲಿ ಗಟ್ಟಿ ಅಲ್ಯುಮಿನಿಯಂ ಟ್ರೈಪಾಡನ್ನೂ ಕೊಂಡು, ಒಂದು ಪ್ರವಾಸವನ್ನೂ ಮುಗಿಸಬಹುದು, ಅಲ್ವಾ?

ಪ್ರವಾಸ ಅಂದ ಮೇಲೆ ಇನ್ನೊಂದು ವಿಷಯ. ಹಂಪಿ, ಪಟ್ಟದಕಲ್ಲಿನಂಥ ಕಡೆ ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳ ಒಳಗೆ ಟ್ರೈಪಾಡ್ ಬಳಸಲು ಮೊದಲೇ ಅನುಮತಿ ಬೇಕು. ಎಷ್ಟೋ ಜನರಿಗೆ ಇದು ಗೊತ್ತೇ ಇರುವುದಿಲ್ಲ. ಅರ್ಜಿ ಎಲ್ಲಿ ಹಾಕಬೇಕು, ಎಷ್ಟು ಶುಲ್ಕ, ಎಷ್ಟು ದಿನ ಮುಂಚೆ ಅಂತ ನಿಮ್ಮ ವರದಿಗಾರರು ವಿಚಾರಿಸಿ ಒಮ್ಮೆ ಪುರವಣಿಯಲ್ಲಿ ಹಾಕಿದರೆ ಉಪಕಾರವಾಗುತ್ತದೆ.

ಇಂತಿ,
ನಿಮ್ಮ ಓದುಗ, ಶಿವಮೊಗ್ಗ